ಉಣ್ಣೆಗಳಿಂದ ರಾಸುಗಳಿಗೆ ಹರಡುವ ಬ್ಯಾಕ್ಟೀರಿಯಾ ರೋಗ: ಅರಿವು ಮತ್ತು ಹತೋಟಿ

(ಬಳ್ಳಾರಿಯ ಗಾಂಧಿನಗರದಲ್ಲಿ ಹೈನುಗಾರರಿಗೆ ನೀಡಿದ ಉಪನ್ಯಾಸದ ಪಠ್ಯ)



ಉಣ್ಣೆ ಎಂದೊಡನೆ ನೆನಪಾಗುವುದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದಕ್ಕೆ ಕಾರಣ ವೈರಾಣು. ನಮ್ಮ ಕೊಟ್ಟಿಗೆಯ ಉಣ್ಣೆಗಳು ತರುವ ರೋಗಗಳು ಬೇರೆ. ಅವುಗಳಲ್ಲಿ ಥೈಲೇರಿಯಾಸಿಸ್ ಮತ್ತು ಬೆಬಿಸಿಯೋಸಿಸ್ ಏಕಕೋಶ ಪರಾವಲಂಬಿಗಳಿಂದ ಬರುತ್ತವೆ. ಅನಾಪ್ಲಾಸ್ಮೋಸಿಸ್ ಬರುವುದು ಬ್ಯಾಕ್ಟೀರಿಯಾದಿಂದ. ಮೂರರಲ್ಲೂ ಜ್ವರವಿರುತ್ತದೆ, ಹಾಲು ಕುಸಿಯುತ್ತದೆ. ಆದರೆ ಔಷಧ ಒಂದೇ ಅಲ್ಲ.

ಅನಾಪ್ಲಾಸ್ಮಾ ಎಂಬ ಈ ಬ್ಯಾಕ್ಟೀರಿಯಾ ಕೆಂಪು ರಕ್ತಕಣಗಳೊಳಗೆ ಬೆಳೆಯುತ್ತದೆ. ಸೋಂಕಿತ ಕಣಗಳನ್ನು ರಾಸುವಿನ ದೇಹವೇ ನಾಶಪಡಿಸುವುದರಿಂದ ರಕ್ತಹೀನತೆ ಉಂಟಾಗುತ್ತದೆ. ಒಸಡು ಮತ್ತು ಕಣ್ಣಿನ ಒಳಪೊರೆ ಮೊದಲು ಬಿಳಿಚಿ, ಬಳಿಕ ಹಳದಿಯಾಗುತ್ತವೆ. ಬೆಬಿಸಿಯೋಸಿಸ್‌ನಲ್ಲಿ ಕಾಣುವ ಕೆಂಪು ಮೂತ್ರ ಇಲ್ಲಿ ಸಾಮಾನ್ಯವಾಗಿ ಕಾಣದು. ಕರುಗಳಲ್ಲಿ ರೋಗ ಸೌಮ್ಯ. ಬೆಳೆದ ರಾಸುಗಳಲ್ಲಿ, ಅದರಲ್ಲೂ ಮಿಶ್ರತಳಿ ಹಸುಗಳಲ್ಲಿ, ತೀವ್ರ. ಗಬ್ಬದ ಹಸು ಕಂದು ಹಾಕಬಹುದು. ಚಿಕಿತ್ಸೆ ತಡವಾದರೆ ಸಾಯಲೂಬಹುದು.

ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆ ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಕಣ್ತಪ್ಪಿಸುವ ಸಣ್ಣ ಗಂಡು ಉಣ್ಣೆಯೇ ಒಂದು ರಾಸಿನಿಂದ ಮತ್ತೊಂದಕ್ಕೆ ಸರಿದು ಈ ಸೋಂಕನ್ನು ಹೆಚ್ಚಾಗಿ ದಾಟಿಸುತ್ತದೆ. ಕಚ್ಚುವ ನೊಣಗಳಿಂದಲೂ, ಒಂದೇ ಸೂಜಿಯನ್ನು ಹಲವು ರಾಸುಗಳಿಗೆ ಬಳಸುವುದರಿಂದಲೂ ರೋಗ ಹರಡುತ್ತದೆ. ಗುಣಮುಖವಾದ ರಾಸು ಸಹ ಸೋಂಕನ್ನು ಒಳಗಿಟ್ಟುಕೊಂಡಿರಬಹುದು. ಆದುದರಿಂದ ಹೊಸದಾಗಿ ಕೊಂಡ ರಾಸನ್ನು ಕೆಲದಿನ ಪ್ರತ್ಯೇಕವಾಗಿ ಕಟ್ಟಿ, ರಕ್ತಪರೀಕ್ಷೆ ಮಾಡಿಸುವುದು ಒಳಿತು.

ಹೆಣ್ಣು ಉಣ್ಣೆ ನೆಲಕ್ಕುದುರಿ, ಗೋಡೆ ಮತ್ತು ಗೋದಲಿಯ ಬಿರುಕುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ರಾಸಿನ ಮೈಗೆ ಮಾತ್ರ ಔಷಧ ಸಿಂಪಡಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಬಿರುಕುಗಳನ್ನು ಮುಚ್ಚಿ, ಸುಣ್ಣ ಬಳಿದು, ಕಸ ಮತ್ತು ಸಗಣಿಯನ್ನು ದೂರ ಸಾಗಿಸಬೇಕು. ಸಿಂಪಡಣೆಯ ಪ್ರಮಾಣವನ್ನೂ, ಮತ್ತೆ ಎಂದು ಸಿಂಪಡಿಸಬೇಕೆಂಬುದನ್ನೂ ಪಶುವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಬಂಧುಗಳೇ, ಜ್ವರ ಕಂಡೊಡನೆ ಊಹೆಯಿಂದ ಚುಚ್ಚುಮದ್ದು ಕೊಡಿಸಬೇಡಿ. ಗಾಜಿನ ಪಟ್ಟಿಯ ಮೇಲೆ ಲೇಪಿಸಿದ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣುವಿನ ಸುಳಿವು ಸಿಗುತ್ತದೆ. ಅನಾಪ್ಲಾಸ್ಮೋಸಿಸ್ ಎಂದು ಖಚಿತವಾದರೆ ಆಕ್ಸಿಟೆಟ್ರಾಸೈಕ್ಲಿನ್ ಫಲ ನೀಡುತ್ತದೆ. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಸಮೀಪದ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸಿರಿ ಅಥವಾ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿರಿ. ಒಂದು ಹಸುವಿನ ಹಾಲನ್ನೇ ನೆಚ್ಚಿದ ಮನೆಗೆ ಆ ಒಂದು ಹನಿ ರಕ್ತದ ಪರೀಕ್ಷೆಯೇ ರಕ್ಷೆ.