ಚೈತ್ರದಲ್ಲೊಮ್ಮೆ ಅವರ್ಸಾಕ್ಕೆ

ಕಾರವಾರದಿಂದ ಅಂಕೋಲೆಗೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಿಗುವ ಊರು ಅವರ್ಸಾ. ಒಂದು ಮಗ್ಗುಲಿಗೆ ಸಹ್ಯಾದ್ರಿಯ ಗುಡ್ಡ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ನಡುವೆ ತೆಂಗು, ಗದ್ದೆ, ಮನೆಗಳು. ಕಾತ್ಯಾಯನಿ ದೇವಿಯ ದರ್ಶನಕ್ಕೆಂದು ಇಲ್ಲಿ ಇಳಿಯುವವರುಂಟು. ಮಾರ್ಚ್, ಏಪ್ರಿಲ್‌ನಲ್ಲಿ ಬಂದವರು ಹಾಗೇ ಹಕ್ಕಿ ನೋಡಲು ಕಡಲಂಚಿಗೂ ಒಮ್ಮೆ ನಡೆದು ಬನ್ನಿ.

ವಲಸೆ ಹಕ್ಕಿ ನೋಡಲು ಚಳಿಗಾಲವೇ ಸರಿ ಎಂಬ ಮಾತಿದೆ. ಆದರೆ ಚಳಿಗಾಲದಲ್ಲಿ ಅವುಗಳ ಬಣ್ಣ ಮಂಕು. ಹೊರಡುವ ಹೊತ್ತು ಹತ್ತಿರವಾದಂತೆ ಹೊಸ ಗರಿ ಬರುತ್ತದೆ. ಕಂದು ತಲೆಯ ಕಡಲಕ್ಕಿಯನ್ನೇ ನೋಡಿ. ಜನವರಿಯಲ್ಲಿ ಬೆಳ್ಳಗಿದ್ದ ತಲೆ ಚೈತ್ರಕ್ಕೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿರುತ್ತದೆ. ಲಡಾಖ್, ಟಿಬೆಟ್‌ನ ಎತ್ತರದ ಸರೋವರಗಳಲ್ಲಿ ಗೂಡು ಕಟ್ಟುವ ಹಕ್ಕಿ ಅದು. ಮರಳ ಮೇಲೆ ಓಡಿ, ಗಕ್ಕನೆ ನಿಂತು, ಮತ್ತೆ ಓಡುವ ಪುಟ್ಟ ಸ್ಯಾಂಡ್ ಪ್ಲೋವರ್‌ಗೆ ಈಗ ಇಟ್ಟಿಗೆಗೆಂಪಿನ ಎದೆ. ತೆರೆಯ ಹಿಂದೆ ಮುಂದೆ ಓಡಾಡುವ ಸ್ಯಾಂಡರ್ಲಿಂಗ್ ಕಂಡರೆ, ಅದರ ತವರು ಉತ್ತರಧ್ರುವದ ಅಂಚು ಎಂಬುದು ನೆನಪಿರಲಿ.

ಹೋಗುವ ಮುನ್ನ ತಿಥಿ ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ನೀರು ದೂರ ಸರಿದು, ಒದ್ದೆ ಮರಳಿನಲ್ಲಿ ಹುಳು, ಚಿಪ್ಪು, ಏಡಿಮರಿಗಳು ಹಕ್ಕಿಯ ಕೊಕ್ಕಿಗೆ ಸಿಗುತ್ತವೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದಡದ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಬೆಳಗಿನ ಇಳಿತವಾದರೆ ಇನ್ನೂ ಒಳ್ಳೆಯದು, ಬಿಸಿಲು ನಿಮ್ಮ ಬೆನ್ನಿಗಿರುತ್ತದೆ.

ಬಲೆ ಎಳೆಯುವ ಕಡೆ ಊರಿನವೇ ಆದ ಗರುಡಗಳು ಸುತ್ತುತ್ತಿರುತ್ತವೆ. ಬಂಡೆಗಳ ಮೇಲೆ ಬೂದು ಬಣ್ಣದ ಕಡಲ ಬೆಳ್ಳಕ್ಕಿ ಕಾಣಬಹುದು. ಅದೃಷ್ಟವಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದೂ ಕಂಡೀತು. ಒಂದು ಎಚ್ಚರಿಕೆ: ಕಾರವಾರದ ಕಡೆಗೆ ಸೀಬರ್ಡ್ ನೌಕಾನೆಲೆಯಿದೆ, ಆ ದಿಕ್ಕಿಗೆ ದುರ್ಬೀನು, ಕ್ಯಾಮೆರಾ ತಿರುಗಿಸಬೇಡಿ.

ಇನ್ನೊಂದು ದಿನ ಬಿಡುವಿದ್ದರೆ ಗಂಗಾವಳಿ ನದಿ ದಾಟಿ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ ಹೋಗಿ. ಕಾಂಡ್ಲಾ ಗಿಡಗಳು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಇರುವ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅವರ್ಸಾದ ಮರಳಿಗೆ ಅಂಥ ಪಟ್ಟವಿಲ್ಲ. ಇಲ್ಲಿ ಹಕ್ಕಿಯನ್ನು ಕಾಯಬೇಕಾದವರು ನಾವೇ.

ಈ ದಿನಗಳಲ್ಲಿ ಹಕ್ಕಿ ತಿನ್ನುವುದು ದಾರಿಗೆ ಬೇಕಾದ ಕೊಬ್ಬಿಗಾಗಿ. ಫೋಟೋಗೆಂದು ನಾವು ಒಮ್ಮೆ ಎಬ್ಬಿಸಿದರೂ ಕೂಡಿಟ್ಟ ಕೊಬ್ಬಿನಲ್ಲಿ ಅಷ್ಟು ಖರ್ಚಾಯಿತು. ಹಾಗಾಗಿ ದೂರದಲ್ಲೇ ನಿಲ್ಲಿ, ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ, ಹರಿದ ಬಲೆ ಕಂಡರೆ ಎತ್ತಿ ಬದಿಗಿಡಿ. ಮಕ್ಕಳನ್ನು ಮಾತ್ರ ಮರೆಯದೆ ಕರೆತನ್ನಿ.