ಮಗು ಬೆಳೆಯಿತು, ಫೈಲು ನಿಂತಿತು

ವೀಕ್ಷಕರೇ, ಅಮೆರಿಕದ ನೂರಾರು ಮನೆಗಳಲ್ಲಿ ಚೀನಾದ ದತ್ತು ಮಗುವಿಗಾಗಿ ಕೋಣೆ ಸಿದ್ಧವಾಗಿತ್ತು. ಮಗು ಯಾವುದು ಅಂತ ನಿಗದಿಯಾಗಿ, ಫೋಟೋನೂ ಕೈಸೇರಿತ್ತು. 2020ರಲ್ಲಿ ಕೋವಿಡ್ ಬಂತು, ಪ್ರಯಾಣ ನಿಂತಿತು. ಅವಧಿ ಮುಗಿದಾಗಲೆಲ್ಲ ಮತ್ತೆ ಬೆರಳಚ್ಚು, ಮತ್ತೆ ಮನೆ ಪರಿಶೀಲನೆ. ಎರಡು ವರ್ಷದ ಮಗುವಿಗೆ ತಂದಿಟ್ಟ ಅಂಗಿ ಆರು ವರ್ಷದ ಮಗುವಿಗೆ ಆಗುತ್ತಾ? ಮನೆಯಲ್ಲಿರೋ ಮಕ್ಕಳದ್ದು ದಿನಾ ಒಂದೇ ಪ್ರಶ್ನೆ: ‘ತಂಗಿ ಯಾವಾಗ ಬರ್ತಾಳೆ?’

2024ರ ಸೆಪ್ಟೆಂಬರ್‌ನಲ್ಲಿ ಚೀನಾ ಉತ್ತರ ಕೊಟ್ಟಿತು. ಹತ್ತಿರದ ಸಂಬಂಧಿಕರ ಮಕ್ಕಳು, ಮಲಮಕ್ಕಳನ್ನು ಬಿಟ್ಟರೆ ವಿದೇಶಿಯರಿಗೆ ದತ್ತು ಬಂದ್!

ನಿಯಮ ಬದಲಿಸೋ ಹಕ್ಕು ಸರ್ಕಾರಕ್ಕಿದೆ, ಒಪ್ಪೋಣ. ಮಕ್ಕಳ ಮಾರಾಟ ತಡೆಯೋಕೆ ಬಿಗಿ ಕಾನೂನೂ ಬೇಕು. ಆದರೆ ಹೊಸ ಅರ್ಜಿ ನಿಲ್ಲಿಸೋದು ಬೇರೆ, ಆಗಲೇ ಗೊತ್ತುಮಾಡಿದ ಅಪ್ಪ-ಅಮ್ಮನನ್ನು ಮಗುವಿಗೆ ತಪ್ಪಿಸೋದು ಬೇರೆ. ದೊಡ್ಡವರು ಕಾಯ್ತಾರೆ. ಬಾಲ್ಯ ಕಾಯುತ್ತಾ?