ಮೌಲಾನಾ ರೂಮಿ
ಮೂವತ್ತು ವರ್ಷ ಪಾಠ ಹೇಳಿದ ನನ್ನಂಥ ಉಪಾಧ್ಯಾಯನಿಗೆ ಈ ಪಾರಸಿ ಕವಿಯ ಬಾಳಿನಲ್ಲಿ ಒಂದು ಎಚ್ಚರಿಕೆಯಿದೆ.

1207ರಲ್ಲಿ ಜನಿಸಿದ ಜಲಾಲುದ್ದೀನ್ ರೂಮಿ ಕೊನ್ಯಾ ನಗರದ ಹೆಸರಾಂತ ಶಾಸ್ತ್ರಪಂಡಿತನಾಗಿದ್ದನು. 1244ರಲ್ಲಿ ತಬ್ರೀಜಿನ ಶಮ್ಸ್ ಎಂಬ ಪರಿವ್ರಾಜಕನು ಎದುರಾಗಲು, ಆ ಗುರುವೇ ಶಿಷ್ಯನಾದನು. ಕೆಲವೇ ವರ್ಷಗಳಲ್ಲಿ ಶಮ್ಸ್ ಕಣ್ಮರೆಯಾದನು. ದಮಾಸ್ಕಸ್ಸಿನವರೆಗೆ ಅರಸಿದರೂ ದೊರೆಯಲಿಲ್ಲ. ಆ ವಿರಹವೇ ಗಜಲುಗಳಾಗಿ ಹರಿಯಿತು. ಅನೇಕಕ್ಕೆ ಕವಿ ತನ್ನ ಹೆಸರನ್ನಿಡದೆ ಶಮ್ಸನ ಅಂಕಿತವನ್ನಿಟ್ಟನು. ಮುಂದೆ ಶಿಷ್ಯ ಹುಸಾಮುದ್ದೀನನಿಗೆ ಹೇಳಿ ಬರೆಸಿದ ‘ಮಸ್ನವಿ’ ಸುಮಾರು 25,000 ದ್ವಿಪದಿಗಳ ಮಹಾಕೃತಿ.

1273ರ ಡಿಸೆಂಬರ್ 17ರಂದು ಅವನು ತೀರಿಕೊಂಡ ಇರುಳನ್ನು ಅನುಯಾಯಿಗಳು ‘ಮದುವೆಯಿರುಳು’ ಎನ್ನುತ್ತಾರೆ. 1925ರಲ್ಲಿ ತುರ್ಕಿ ಸರ್ಕಾರ ದರ್ವೇಶಿ ಮಠಗಳನ್ನು ಮುಚ್ಚಿತು, ಸಮಾಧಿ ವಸ್ತುಸಂಗ್ರಹಾಲಯವಾಯಿತು. ಜನ ಇಂದಿಗೂ ಅಲ್ಲಿಗೆ ಬರುತ್ತಾರೆ.

ಪೀಠವೇರಿದ ಮೇಲೂ ಕಲಿಯುವುದು ಉಳಿದಿರುತ್ತದೆ.